ಫಕ್ಕೀರಪ್ಪನ ಸಕ್ಕರೆ ಸನ್ಯಾಸ

"ಇಷ್ಟು ವರ್ಷ ನಾ ಹೊಟ್ಟಿ ಮಾತು ಕೇಳಿದೆ. ಇವತ್ತಿನಿಂದ ಹೊಟ್ಟಿ ನನ್ನ ಮಾತು ಕೇಳಬೇಕು!"

ರಾಣೆಬೆನ್ನೂರಿನ ಬೀಜ-ಗೊಬ್ಬರದ ವ್ಯಾಪಾರಿ ಫಕ್ಕೀರಪ್ಪ ಈ ಐತಿಹಾಸಿಕ ಘೋಷಣೆ ಮಾಡಿದಾಗ ಅವನ ಕೈಯಲ್ಲಿ ಅರ್ಧ ತಿಂದ ಮಿರ್ಚಿ ಭಜಿ ಇತ್ತು.

"ಅದನ್ನರ ಕೆಳಗಿಟ್ಟು ಮಾತಾಡ್ರಿ" ಎಂದಳು ಹೆಂಡತಿ ನಿರ್ಮಲಾ.

"ಇದು ಕಡೀದು! ಅನ್ನ ದೇವರು, ಚೆಲ್ಲಬಾರದು" ಎಂದು ಫಕ್ಕೀರಪ್ಪ ಭಜಿಗೆ ಸಕಲ ಗೌರವಗಳೊಂದಿಗೆ ಬಾಯೊಳಗೇ ಅಂತ್ಯಸಂಸ್ಕಾರ ಮಾಡಿದ.

ಇಷ್ಟಕ್ಕೆಲ್ಲ ಕಾರಣ ಹಾವೇರಿಯ ಡಾಕ್ಟರು. ಅವರು ರಕ್ತದ ರಿಪೋರ್ಟು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. "ಶುಗರ್ ನಿಮ್ಮ ಬಾಗಲದಾಗ ಬಂದು ನಿಂತೈತ್ರಿ. ಒಳಗ ಕರಕೊಳ್ಳೋದು, ಹೊರಗ ದಬ್ಬೋದು ನಿಮ್ಮ ಕೈಯಾಗೈತಿ" ಎಂದರು. ಸಕ್ಕರೆ ಬಿಡಬೇಕು. ಕರಿದದ್ದು ಬಿಡಬೇಕು. ತಾಟಿನಲ್ಲಿ ಅರ್ಧ ಪಲ್ಯ, ಉಳಿದರ್ಧದಲ್ಲಿ ರೊಟ್ಟಿ-ಅನ್ನ. ದಿನವೂ ನಡೆಯಬೇಕು, ಬೇಗ ಮಲಗಬೇಕು. ಕೊನೆಗೆ ಒಂದು ಮಂತ್ರವನ್ನೂ ಉಪದೇಶಿಸಿದರು: "ಯಾರರ ಏನರ ತಿನ್ನಾಕ ಕೊಟ್ರ ಮೊದಲು ಬ್ಯಾಡ ಅನ್ರಿ. ವಿಚಾರ ಆಮ್ಯಾಲ ಮಾಡ್ರಿ. ಬ್ಯಾಡ ಅನ್ನೋದು ಒಂದು ಚಟ ಆಗಬೇಕು, ಚಟ!"

ನಿರ್ಮಲಾ ಅದಕ್ಕೆ ಇನ್ನೊಂದು ಪಥ್ಯ ಸೇರಿಸಿದಳು. ಮಗಳು ದೀಪಿಕಾ ಹಾವೇರಿಯ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಿದ್ದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಸಿದ್ದಲಿಂಗಪ್ಪನವರ ಮಗ ವಿಜಯಮಹಾಂತೇಶ ಅವಳನ್ನು ನೋಡಿ ಹೋಗಿದ್ದ. ಹುಡುಗನಿಗೆ ಹುಡುಗಿ ಒಪ್ಪಿಗೆ. ಹುಡುಗಿಗೆ ಅಂತೂ ಎಷ್ಟು ಒಪ್ಪಿಗೆ ಎಂದರೆ, ಬ್ಯಾಡಗಿ ಎಂಬ ಹೆಸರು ಬಂದರೆ ಸಾಕು, ಅನ್ನ ಕಲಸುವ ಕೈ ನಿಂತುಬಿಡುತ್ತಿತ್ತು. ಇನ್ನು ಉಳಿದದ್ದು ಹಿರಿಯರ ಮಾತುಕತೆಯೊಂದೇ.

"ಬೀಗರ ಮುಂದ ಶುಗರ್ ಗಿಗರ್ ಅಂತ ಬಾಯಿ ಬಿಟ್ಟೀರಿ, ಜ್ವಾಕಿ! ಅಪ್ಪಗ ಇದ್ರ ನಾಳೆ ಮಗಳಿಗೂ ಬರ್ತೈತಿ ಅಂತ ಹಿಂದ ಸರಕೊಂಡ್ರ ಏನ್ ಮಾಡ್ತೀರಿ?"

"ನಾ ಯಾಕ ಹೇಳ್ಲಿ? ಬಾಯಿ ಕಟ್ಟಿದ ಮನಶ್ಯಾ ನಾನು!" ಎಂದ ಫಕ್ಕೀರಪ್ಪ ಎದೆಯುಬ್ಬಿಸಿ. ಎದೆಗಿಂತ ಮೊದಲು ಹೊಟ್ಟೆ ಉಬ್ಬಿತು, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ವಾಕಿಂಗಿಗೆ ಹೊರಟ. ನಡೆಯುವುದರಲ್ಲಿ ಏನು ಕಷ್ಟ ಎಂದು ನೀವು ಕೇಳಬಹುದು. ರಾಣೆಬೆನ್ನೂರಿನಲ್ಲಿ ಗುರುತಿನ ಮನುಷ್ಯ ಒಬ್ಬನೇ ನಡೆದು ಹೊರಟು ನೋಡಬೇಕು, ಆಗ ಗೊತ್ತಾಗುತ್ತದೆ! ಓಣಿ ದಾಟುವುದರೊಳಗೆ ಪಕ್ಕದ ಅಂಗಡಿಯ ದುರಗಪ್ಪ ಬೈಕು ತಂದು ಅಡ್ಡ ನಿಲ್ಲಿಸಿದ.

"ಅಣ್ಣಾರ, ಗಾಡಿ ಕೆಟ್ಟೈತೇನ್ರಿ? ಹತ್ರಿ!"

"ಬ್ಯಾಡೋ. ವಾಕಿಂಗ್ ಹೊಂಟೇನಿ."

"ಎಲ್ಲೀಗೆ?"

"ಎಲ್ಲೀಗೂ ಇಲ್ಲ."

"ಎಲ್ಲೀಗೂ ಇಲ್ಲಂದ್ರ ಅಷ್ಟು ದೂರ ನಡಕೊಂತ ಯಾಕ ಹೊಕ್ಕೀರಿ? ಹತ್ರಿ, ನಾ ಬಿಡ್ತೇನಿ!"

ಎಲ್ಲಿಗೂ ಹೋಗದವನನ್ನು ಎಲ್ಲಿಗೆ ಒಯ್ದು ಬಿಡುತ್ತಾನೋ ಆ ಪುಣ್ಯಾತ್ಮ! ಫಕ್ಕೀರಪ್ಪ ಹತ್ತಲಿಲ್ಲ. ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಗಂಡ ಹೆಂಡತಿ ಜಗಳವಾಡಿ, ಗಂಡ ಮನೆ ಬಿಟ್ಟು ಬೆಳಿಗ್ಗೆಯೇ ನಡೆದುಕೊಂಡು ಹೊರಟಿದ್ದಾನೆ ಎಂದು ನಿರ್ಮಲಾಳ ತವರಿನಿಂದ ಫೋನು ಬಂದಿತ್ತು.

ದಿನವೂ ದಾರಿಯಲ್ಲಿ ಚಹಾದಂಗಡಿಯವರು ಕರೆದರು, ಮಂಡಕ್ಕಿ ಗಿರಮಿಟ್ಟಿನವರು ಕರೆದರು, ಕಟ್ಟೆಯ ಮೇಲೆ ಕೂತ ಬಳಗದವರು ಕೈ ಹಿಡಿದೇ ಎಳೆದರು. ಫಕ್ಕೀರಪ್ಪ ಡಾಕ್ಟರ ಮಂತ್ರ ಜಪಿಸಿದ. ಅಂಗೈ ಮುಂದೆ, ಕಣ್ಣು ಮುಚ್ಚು, ಮುಖ ಆ ಕಡೆ: "ಬ್ಯಾಡ್ರಿ!" ಕ್ರಮೇಣ ಅದು ಎಷ್ಟು ಅಭ್ಯಾಸವಾಯಿತೆಂದರೆ, ಮದುವೆಯೊಂದರಲ್ಲಿ ಯಾರೋ ಕುರ್ಚಿ ತಂದು ಕೊಟ್ಟಾಗಲೂ "ಬ್ಯಾಡ್ರಿ" ಎಂದುಬಿಟ್ಟ. ಅಕ್ಷತೆ ಬೀಳುವವರೆಗೆ ನಿಂತೇ ಇದ್ದು ಬಂದ.

ಅಂತೂ ತೂಕ ಇಳಿಯಿತು! ಬೆಲ್ಟಿಗೆ ಹೊಸ ತೂತು ಬಿತ್ತು. ಅದರೊಂದಿಗೆ ಅಹಂಕಾರಕ್ಕೂ ಹೊಸ ಕೊಂಬು ಮೂಡಿತು. ಅಂಗಡಿಗೆ ಬಂದ ರೈತರಿಗೆ ಬೀಜಕ್ಕಿಂತ ಮೊದಲು ಪ್ರವಚನ.

"ಸಕ್ಕರಿ ಅಂದ್ರ ಬಿಳಿ ವಿಷ, ತಿಳೀತೇನು? ಒಂದೊಂದು ತುತ್ತು ಅಗದು ಅಗದು ನುಂಗಬೇಕು—"

"ಯಪ್ಪಾ, ಗೋವಿನಜೋಳದ ಬೀಜ ಕೊಡ್ರಿ, ಮಳಿ ಹೊಂಟೈತಿ!"

ಹೀಗಿರುವಾಗ ಬ್ಯಾಡಗಿಯಿಂದ ಕರೆ ಬಂತು. ಹುಡುಗನ ಮನೆ ನೋಡಲು, ಮಾತು ಮುಗಿಸಲು ಗಂಡ ಹೆಂಡತಿ ಹೋದರು. ದೀಪಿಕಾ ರಜೆ ಹಾಕಿ ಮನೆಯಲ್ಲೇ ಫೋನು ಹಿಡಿದು ಕೂತಳು. ಸಿದ್ದಲಿಂಗಪ್ಪನವರ ಮನೆಯ ಹೊಸ್ತಿಲು ದಾಟುವಾಗಲೇ ಮೆಣಸಿನಕಾಯಿಯ ಘಾಟಿಗೆ ಫಕ್ಕೀರಪ್ಪ ಸೀನಿದ. ಅದು ಅಪಶಕುನವಲ್ಲ, ಬ್ಯಾಡಗಿಯಲ್ಲಿ ಎಲ್ಲರೂ ಸೀನುತ್ತಾರೆ ಎಂದು ಹುಡುಗನ ಅಜ್ಜಿ ಉಚ್ಚಂಗೆವ್ವ ಸಮಾಧಾನ ಹೇಳಿದಳು.

ಊಟಕ್ಕೆ ಕೂತರೆ ಎದುರಿಗೆ ಹೋಳಿಗೆ! ಪಕ್ಕದಲ್ಲಿ ಶ್ಯಾವಿಗೆ ಪಾಯಸ! ಮೇಲೆ ತುಪ್ಪದ ಧಾರೆ! ಫಕ್ಕೀರಪ್ಪನ ಅಂಗೈ ತಾನಾಗಿ ಮುಂದೆ ಬಂತು. "ಬ್ಯಾಡ್ರಿ. ಇವತ್ತು ನಂದು ಒಪ್ಪತ್ತು."

"ಯಾವ ದೇವರದು?" ಕೇಳಿದಳು ಉಚ್ಚಂಗೆವ್ವ.

"ಮೈಲಾರಲಿಂಗಂದು."

"ಮೈಲಾರಲಿಂಗನ ವಾರ ಐತ್ವಾರಲ್ಲೇನು? ಇವತ್ತು ಗುರುವಾರ!"

"ಮುಂಗಡ ಮಾಡಾಕತ್ತೇನ್ರಿ" ಎಂದ ಫಕ್ಕೀರಪ್ಪ. ನಿರ್ಮಲಾ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು.

ಹೇಗೋ ಊಟ ಮುಗಿಯಿತು, ಮಾತುಕತೆಯೂ ಸುಸೂತ್ರವಾಗಿ ಮುಗಿಯಿತು. ಇನ್ನು ಬಾಯಿ ಸಿಹಿ ಮಾಡುವುದೊಂದು ಬಾಕಿ. ನಮ್ಮ ಕಡೆ ಕಾಗದಕ್ಕಿಂತ ಸಕ್ಕರೆ ದೊಡ್ಡದು. ಎರಡೂ ಮನೆಯ ಹಿರಿಯರು ಒಬ್ಬರ ಬಾಯಿಗೊಬ್ಬರು ಚಿಟಿಕೆ ಸಕ್ಕರೆ ಹಾಕಿದರೆ ಸಂಬಂಧ ಪಕ್ಕಾ, ಆಮೇಲೆ ಬ್ರಹ್ಮ ಬಂದರೂ ಮುರಿಯುವ ಹಾಗಿಲ್ಲ. ಸಿದ್ದಲಿಂಗಪ್ಪನವರು ಬೆಳ್ಳಿ ತಟ್ಟೆಯಲ್ಲಿ ಸಕ್ಕರೆ ತಂದರು. ಮನೆ ಮಂದಿಯೆಲ್ಲ ಸುತ್ತ ನೆರೆದರು. "ತಗೋರಿ ಬೀಗರ" ಎಂದು ನಗುತ್ತ ಚಿಟಿಕೆ ಸಕ್ಕರೆಯನ್ನು ಫಕ್ಕೀರಪ್ಪನ ಬಾಯಿಯ ಹತ್ತಿರ ತಂದರು.

ಅಂಗೈ ಮುಂದೆ. ಕಣ್ಣು ಮುಚ್ಚಿತು. ಮುಖ ಆ ಕಡೆ ತಿರುಗಿತು.

"ಬ್ಯಾಡ್ರಿ!"

ಕಣ್ಣು ಬಿಟ್ಟಾಗ ಮನೆಯಲ್ಲಿ ಸೀನುವವರೂ ಸೀನು ನಿಲ್ಲಿಸಿದ್ದರು. ಸಿದ್ದಲಿಂಗಪ್ಪನವರ ಕೈ ಗಾಳಿಯಲ್ಲೇ ನಿಂತಿತ್ತು. ವಿಜಯಮಹಾಂತೇಶ ನೆಲ ನೋಡುತ್ತಿದ್ದ.

"ಬ್ಯಾಡಂದ್ರ?" ಎಂದರು ಸಿದ್ದಲಿಂಗಪ್ಪನವರು.

"ಹಂಗಲ್ರಿ... ಸಕ್ಕರಿ ಬ್ಯಾಡ. ಹುಡುಗ ಬೇಕು!"

"ಸಕ್ಕರಿ ಬ್ಯಾಡ, ಹುಡುಗ ಬೇಕು ಅಂದ್ರ ಏನ್ರಿ ಅರ್ಥ?"

ಅರ್ಥ ಹೇಳಬೇಕೆಂದರೆ ಶುಗರ್ ಹೇಳಬೇಕು. ಶುಗರ್ ಹೇಳೋಣವೆಂದರೆ ಎದುರಿಗೆ ನಿರ್ಮಲಾಳ ಕಣ್ಣು! ಆ ಕಣ್ಣಿನ ಮುಂದೆ ಡಾಕ್ಟರ ಮಂತ್ರವೂ ಇಲ್ಲ, ಮೈಲಾರಲಿಂಗನೂ ಇಲ್ಲ. ಫಕ್ಕೀರಪ್ಪ ತಡಬಡಿಸಿ ತಟ್ಟೆಗೆ ಕೈ ಹಾಕಲು ಹೋದ. ಉಚ್ಚಂಗೆವ್ವ ತಟ್ಟೆಯನ್ನೇ ಹಿಂದೆ ಎಳೆದುಕೊಂಡಳು.

"ಇರಲಿ ಬಿಡ್ರಿ. ಮನಸಿಲ್ಲದ ಬಾಯಿಗೆ ಯಾಕ ಸಕ್ಕರಿ? ನಮ್ಮ ಹುಡುಗಗೇನು ಹೆಣ್ಣು ಸಿಗಂಗಿಲ್ಲೇನು?"

ರಾಣೆಬೆನ್ನೂರಿನವರೆಗೆ ಬಸ್ಸಿನಲ್ಲಿ ನಿರ್ಮಲಾ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಅವಳು ಬೈದಿದ್ದರೆ ಫಕ್ಕೀರಪ್ಪನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಬಾಗಿಲಲ್ಲೇ ನಿಂತಿದ್ದ ದೀಪಿಕಾ ಅವರ ಮುಖ ನೋಡಿ ನಗು ನಿಲ್ಲಿಸಿದಳು. ನಡೆದದ್ದು ಕೇಳಿ, "ಅಪ್ಪಾ, ನೀ ಸಕ್ಕರಿ ಬಿಟ್ಟೀ ಖರೇ, ನಂದ್ಯಾಕ ಬಿಡಿಸಿದಿ?" ಎಂದು ಒಳಗೆ ಹೋಗಿ ಕದ ಹಾಕಿಕೊಂಡಳು.

ಹುಟ್ಟಿದಾಗಿನಿಂದ ಕೇಳಿದ್ದನ್ನೆಲ್ಲ ಫಕ್ಕೀರಪ್ಪ ತಂದುಕೊಟ್ಟು ಬೆಳೆಸಿದ ಮಗಳು. ಅವಳು ಬಾಯಿಬಿಟ್ಟು ಕೇಳದೆಯೇ ಬಯಸಿದ್ದೊಂದನ್ನು ತಾನೇ ಕೈಯಾರೆ ದಬ್ಬಿ ಬಂದಿದ್ದ. ಮುಚ್ಚಿದ ಕದದ ಮುಂದೆ ಬಹಳ ಹೊತ್ತು ನಿಂತ. ಹಾಳಾಗಿ ಹೋಗಲಿ ಈ ಆರೋಗ್ಯ! ನಾಳೆ ಬ್ಯಾಡಗಿಗೆ ಹೋಗಿ ಅವರು ಏನು ಕೊಟ್ಟರೆ ಅದನ್ನು, ಎಷ್ಟು ಕೊಟ್ಟರೆ ಅಷ್ಟನ್ನು ತಿಂದು ಬರುತ್ತೇನೆ ಎಂದು ಇನ್ನೊಂದು ಶಪಥ ಮಾಡಿದ. ಮನುಷ್ಯನಿಗೆ ಶಪಥದ ಚಟ ಹತ್ತಿದರೆ ಹೀಗೆಯೇ.

ಬೆಳಿಗ್ಗೆ ಯಾರಿಗೂ ಹೇಳದೆ ಮೊದಲ ಬಸ್ಸು ಹಿಡಿದ. ಸಿದ್ದಲಿಂಗಪ್ಪನವರ ಮನೆಯಲ್ಲಿ ಇವನನ್ನು ಕಂಡು ಎಲ್ಲರೂ ಎದ್ದು ನಿಂತರು.

"ಬರ್ರಿ, ಕುಂದ್ರಿ. ನಾವ ನಿಮಗ ಫೋನ್ ಮಾಡೋರಿದ್ವಿ..." ಎಂದು ಸಿದ್ದಲಿಂಗಪ್ಪನವರು ಶುರು ಮಾಡಿದರು.

"ಏನೂ ಮಾತಾಡಬ್ಯಾಡ್ರಿ! ಮೊದಲು ಸಕ್ಕರಿ ತರ್ರಿ!"

ತಟ್ಟೆ ಬಂತು. ಚಿಟಿಕೆಯಲ್ಲ, ಮುಷ್ಟಿ ತುಂಬ ಎತ್ತಿ ಬಾಯಿಗೆ ಸುರಿದುಕೊಂಡ. "ನೋಡ್ರಿ, ತಿಂದೆ! ನಿನ್ನಿ ಹೋಳಗಿ ಉಳದಾವೇನ್ರಿ?"

ಉಳಿದಿದ್ದವು. ತಂದರು. "ಅಲ್ರಿ, ನಿಮ್ಮ ಮಗಳು..." ಎಂದು ಉಚ್ಚಂಗೆವ್ವ ಬಾಯಿ ತೆರೆದಳು.

"ಮಗಳ ಮಾತು ಆಮ್ಯಾಲ. ಮೊದಲು ತುಪ್ಪ!"

ಮೊದಲನೆಯ ಹೋಳಿಗೆಯನ್ನು ಅವನು ಪ್ರಾಯಶ್ಚಿತ್ತವೆಂದೇ ತಿಂದ, ಅದು ದೇವರಾಣೆ ನಿಜ. ಆದರೆ ಎಷ್ಟೋ ವಾರಗಳಿಂದ ಸಪ್ಪೆ ಪಲ್ಯ ಕಂಡ ನಾಲಿಗೆ! ಎರಡನೆಯದಕ್ಕೆ ಕಣ್ಣು ತಾವಾಗಿ ಮುಚ್ಚಿದವು. ಆಮೇಲಿನವುಗಳ ಲೆಕ್ಕ ಅವನಿಗೂ ಇಲ್ಲ. ಯಾಕೆ ಬಂದಿದ್ದೇನೆ ಎಂಬುದೇ ಸ್ವಲ್ಪ ಹೊತ್ತು ಮರೆತುಹೋಯಿತು. ಕಣ್ಣು ಬಿಟ್ಟಾಗ ಉಚ್ಚಂಗೆವ್ವ ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ನಿನ್ನಿ ಸಂಜಿಮುಂದ ನಿಮ್ಮ ಮಗಳು ನಮ್ಮ ಹುಡುಗಗ ಫೋನ್ ಮಾಡಿದ್ಲು. 'ಅಪ್ಪಗ ಶುಗರ್ ಐತಿ, ಡಾಕ್ಟರು ಹೇಳ್ಯಾರ, ಪ್ರಾಣ ಹೋದ್ರೂ ಸಕ್ಕರಿ ಮುಟ್ಟಂಗಿಲ್ಲ' ಅಂತ ಅತ್ತಳು. ಪಾಪ ಅನ್ನಿಸಿ, ಇವತ್ತು ಹೂಂ ಅಂತ ಫೋನ್ ಮಾಡೋರಿದ್ವಿ. ಈಗ ನೋಡಿದ್ರ ಹಿಂಗ ತಿನ್ನಾಕತ್ತೀರಿ! ಪ್ರಾಣ ಹೋದ್ರೂ ಮುಟ್ಟದ ಮನಶ್ಯಾ ನೀವೇನು? ಹಂಗಾರ ನಿನ್ನಿ ಬ್ಯಾಡಂದದ್ದು ಸಕ್ಕರೀನ ಅಲ್ಲ, ನಮ್ಮ ಹುಡುಗನ್ನ!"

ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. "ಖರೇನ ಶುಗರ್ ಐತ್ರಿ, ಯವ್ವಾ!"

"ಒಪ್ಪತ್ತೂ ಖರೇನ ಅಂದಿದ್ರಿ."

ತಾನೇ ಹೇಳಿದ ಸುಳ್ಳು ತನ್ನ ನಿಜದ ಕುತ್ತಿಗೆ ಹಿಡಿದಿತ್ತು. ರಿಪೋರ್ಟು ನೋಡಿ ಎನ್ನೋಣವೆಂದರೆ ಅದು ರಾಣೆಬೆನ್ನೂರಿನ ಕಪಾಟಿನಲ್ಲಿ. ಮಗಳು ಅತ್ತು ಕಟ್ಟಿದ್ದನ್ನು ಅಪ್ಪ ತಿಂದು ಕೆಡವಿದನಲ್ಲಾ! ಫಕ್ಕೀರಪ್ಪನಿಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕೈತುಂಬ ತುಪ್ಪ. ವಿಜಯಮಹಾಂತೇಶನೇ ಎತ್ತಿ ಸ್ಪೀಕರಿಗೆ ಹಾಕಿದ.

"ಎಲ್ಲಿ ಹೋಗೀರಿ, ಹೇಳದ ಕೇಳದ?" ನಿರ್ಮಲಾಳ ದನಿ ಮನೆ ತುಂಬಿತು.

"ಬ್ಯಾಡಗ್ಯಾಗ ಅದೇನಿ" ಎಂದ ಫಕ್ಕೀರಪ್ಪ ಮೆಲ್ಲಗೆ. "ಸಕ್ಕರಿ ತಿಂದೆ. ಸ್ವಲ್ಪ ಹೋಳಗಿನೂ..."

"ಹೋಳಗಿ?" ಕೋಪದ ಕಟ್ಟೆ ಒಡೆಯಿತು. "ಎಷ್ಟು ತಿಂದ್ರಿ? ತುಪ್ಪಾ ಹಾಕ್ಕೊಂಡೇನು? ನಿಮಗೇನು ಜೀವದ ಮ್ಯಾಲ ಆಸೆ ಐತೋ ಇಲ್ಲೋ? ಆ ಡಾಕ್ಟರ ಮುಂದ ಕುಂತು ತೆಲಿ ಹಾಕಿದ್ದು ಮರತ್ರೇನು? ನಿಮ್ಮ ಸಲುವಾಗಿ ನಾನೂ ಸಪ್ಪನ ಚಹಾ ಕುಡಿದು ಕುಡಿದು ನಾಲಿಗಿ ಸತ್ತು ಹೋಗೇತಿ! ಊರ ರೈತರಿಗೆಲ್ಲ ಬಿಳಿ ವಿಷ ಅಂತ ಪುರಾಣ ಹೇಳೋದು, ಅಲ್ಲಿ ಹೋಗಿ ಅದ ವಿಷಾನ ಮುಕ್ಕೋದು! ನಿಮಗೇನರ ಆದ್ರ ನಾ ಏನ್ ಮಾಡ್ಲಿ? ಮಗಳ ಮದುವಿ ಅಕ್ಕಿಕಾಳಿಗೆ ನೀವು ಇರಬೇಕೋ ಬ್ಯಾಡೋ?"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಇಷ್ಟು ದಿನ ಬೈಗುಳದ ಹಿಂದೆ ಬಚ್ಚಿಟ್ಟಿದ್ದ ಅಂಜಿಕೆ ಅದು. ಫಕ್ಕೀರಪ್ಪ ತಾಟಿನಿಂದ ಕೈ ತೆಗೆದ.

ಉಚ್ಚಂಗೆವ್ವ ಸೊಂಟದ ಮೇಲಿನ ಕೈ ಇಳಿಸಿದಳು. "ಶುಗರ್ ಖರೇನ ಐತಿ, ಸಿದ್ದಲಿಂಗಾ. ಇಂಥಾ ಬೈಗಳ ಯಾರೂ ಸುಳ್ಳ ಬೈಯಾಕ ಬರಂಗಿಲ್ಲ."

ಅತ್ತ ಕಡೆ ನಿರ್ಮಲಾ ಗಾಬರಿಯಾದಳು. "ಅಯ್ಯ ಶಿವನ! ಫೋನ್ ಯಾರ ಕೈಯಾಗೈತಿ?"

"ನನ್ನ ಕೈಯಾಗೈತ್ರಿ... ಅತ್ತಿ" ಎಂದ ವಿಜಯಮಹಾಂತೇಶ. ಹೇಳಿದವನ ಕಿವಿ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಫೋನಿನಲ್ಲಿ ಹಿಂದಿನಿಂದ ದೀಪಿಕಾ ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಫಕ್ಕೀರಪ್ಪನ ಎದೆಯ ಮೇಲಿನ ಚೀಲ ಇಳಿದಂತಾಯಿತು.

ಸಿದ್ದಲಿಂಗಪ್ಪನವರು ಖುಷಿಯಿಂದ ಮತ್ತೆ ಸಕ್ಕರೆ ತಟ್ಟೆ ಎತ್ತಿದರು. "ಹಂಗಾರ ಈಗ ಶಾಸ್ತ್ರ ಮುಗಿಸೋಣು. ತಗೋರಿ ಬೀಗರ!"

"ಬ್ಯಾಡ!" ಎಂದು ಫೋನು ಚೀರಿತು.

ಫಕ್ಕೀರಪ್ಪ ಧಡಕ್ಕನೆ ಎದ್ದು ನಿಂತ. "ತಪ್ಪು ತಿಳಕೋಬ್ಯಾಡ್ರಿ! ನಮ್ಮಾಕಿ ಏನಂತಾಳಂದ್ರ, ಬ್ಯಾಡ ಅಂದ್ರ ಹುಡುಗ ಬ್ಯಾಡ ಅಂತಲ್ಲ, ಸಕ್ಕರಿ ಬೇಕು ಅಂತಾನೂ ಅಲ್ಲ, ಅಂದ್ರ..."

ಉಚ್ಚಂಗೆವ್ವ ಎರಡೂ ಕೈ ಎತ್ತಿ ಮುಗಿದಳು.

"ಬೀಗರ, ನಿಮ್ಮ ಕಾಲಿಗೆ ಬೀಳ್ತೇನಿ. ಅಕ್ಕಿಕಾಳು ಬೀಳೋತನಕ ಆ ಬಾಯಿ ಮುಚ್ಚಿಕೊಂಡಿರ್ರಿ. ತಿನ್ನಾಕೂ ತಗೀಬ್ಯಾಡ್ರಿ, ಮಾತಾಡಾಕೂ ತಗೀಬ್ಯಾಡ್ರಿ. ನಿಮ್ಮ ಆರೋಗ್ಯಾನೂ ನೆಟ್ಟಗಾಗ್ತೈತಿ, ನಮ್ಮ ಹುಡುಗನ ಮದುವೀನೂ ಆಗ್ತೈತಿ!"