ನಲವತ್ತು ಗಂಟು, ನಲವತ್ತೊಂದು ಹೆಸರು

ಹೊಸ ಯಂತ್ರ ಬಂದಾಗಲೆಲ್ಲ ಅದು ಕೆಡುವ ಮೊದಲೇ ನಾನು ಕೆಟ್ಟು ನಿಲ್ಲುವುದು ನಮ್ಮ ಕಾರ್ಖಾನೆಯ ಪದ್ಧತಿ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಬೈಲಹೊಂಗಲದಲ್ಲಿ ಹನ್ನೆರಡು ಒಲೆ, ಹನ್ನೆರಡು ಹೆಣ್ಣುಮಕ್ಕಳು, ಜೋಳದ ರೊಟ್ಟಿ. ಇಲ್ಲಿಯ, ಕಿತ್ತೂರಿನ, ಸವದತ್ತಿಯ, ರಾಮದುರ್ಗದ ನಲವತ್ತು ಖಾನಾವಳಿಗಳಿಗೆ ನಮ್ಮ ರೊಟ್ಟಿ ಗಂಟು ಕಟ್ಟಿ ಹೋಗುತ್ತಿತ್ತು. ಒಂದೇ ಒಲೆಯಿಂದ ಶುರು ಮಾಡಿದವಳು ನಾನು. ಸಾಲಿ ಮೆಟ್ಟಿಲು ಹತ್ತಿದವಳಲ್ಲ. ರೊಟ್ಟಿ ಸುತ್ತಲು ತಂದ ರದ್ದಿ ಪೇಪರಿನ ಮೇಲೆ ಬೆರಳಿಟ್ಟು ಓದು ಕಲಿತೆ. ಹಾಗಾಗಿ ಓಣಿಗೆಲ್ಲ ಸುದ್ದಿ ಹೇಳುವವಳೂ ನಾನೇ ಆದೆ. ಸುದ್ದಿ ಮಾತ್ರ ಆರು ತಿಂಗಳು ಹಳೆಯದಿರುತ್ತಿತ್ತು. ಎಲ್ಲವನ್ನೂ ಒಬ್ಬಳೇ ಮಾಡಿದೆ ಎಂಬ ಸೊಕ್ಕು ಇದ್ದಾಗಿನ ಸಂಗತಿಗಳು ಇವು. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ.

೧. ಗೋಡೆ

ತೊಂಬತ್ತರ ದಶಕದಲ್ಲಿ ನಮ್ಮ ಕಚೇರಿ ಎಂದರೆ ಅಡುಗೆ ಖೋಲಿಯ ಗೋಡೆ. ಯಾವ ಖಾನಾವಳಿಗೆ ಎಷ್ಟು ರೊಟ್ಟಿ, ಯಾರಿಗೆ ಖಡಕ್, ಯಾರಿಗೆ ಮೆತ್ತಗಿನದು, ಎಲ್ಲವನ್ನೂ ಇದ್ದಿಲಿನಿಂದ ಗೀರಿಟ್ಟಿದ್ದೆ. "ಒಂದು ವಹಿ ಇಡ್ರಿ" ಎಂದವರಿಗೆ, "ವಹಿ ಕಳೀತದ, ಗೋಡಿ ಎಲ್ಲಿ ಹೋಗತದ?" ಎನ್ನುತ್ತಿದ್ದೆ.

ದೀಪಾವಳಿ ಹತ್ತಿರ ಬಂತು. ಸುಣ್ಣ ಹಚ್ಚುವವನನ್ನು ಕರೆಸಿದವಳೂ ನಾನೇ. ಸಂಪಗಾಂವಕ್ಕೆ ಹೋಗಿ ಜೋಳ ಕೊಂಡು ಸಂಜೆ ಬಂದು ನೋಡಿದರೆ ಗೋಡೆ ಹಾಲಿನಂತೆ ಬೆಳ್ಳಗಿತ್ತು.

"ಏನ ಮಾಡಿದ್ಯೋ?"

"ಭಾಳ ಹೊಲಸಾಗಿತ್ರಿ ಬಾಯಾರ. ಮೂರು ಕೈ ಹೊಡದೇನಿ."

ಮರುದಿನ ನೆನಪಿನ ಮೇಲೆ ಗಂಟು ಕಳಿಸಿದೆ. ಹಲ್ಲಿಲ್ಲದ ಮುದುಕರೇ ಹೆಚ್ಚು ಉಣ್ಣಲು ಬರುವ ರಾಮದುರ್ಗದ ಖಾನಾವಳಿಗೆ ಖಡಕ್ ರೊಟ್ಟಿ ಹೋಯಿತು. ಅದರ ಮಾಲಕ ಹೇಳಿ ಕಳಿಸಿದ: "ನಾಳಿ ಗಂಟಿನ ಕೂಡ ಒಂದು ಒನಕಿನೂ ಕಳಸ್ರಿ."

೨. ಹಿಟ್ಟು

ಒನಕೆಯ ಮಾತು ಕೇಳಿದ ಮೇಲೆ ಸಿರಸಂಗಿಯ ಒಬ್ಬ ಹೆಣ್ಣುಮಗಳನ್ನು ಕಚೇರಿ ಕೆಲಸಕ್ಕೆ ಇಟ್ಟುಕೊಂಡೆ. ಬೆಳಗಾವಿಯಲ್ಲಿ ಕಂಪ್ಯೂಟರ್ ಕಲಿತವಳು. ನನ್ನನ್ನು ಅಕ್ಕಾರ ಎನ್ನುತ್ತಿದ್ದಳು, ನಾನು ತಂಗಿ ಎನ್ನುತ್ತಿದ್ದೆ. ವರ್ಷಗಟ್ಟಲೆ ಬೆನ್ನು ಹತ್ತಿ, ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನಿಂದ ಒಂದು ಕಂಪ್ಯೂಟರ್ ತರಿಸಿದಳು. ಬಂದ ದಿನವೇ, "ಅಕ್ಕಾರ, ಇದಕ್ಕೊಂದು ಬ್ಯಾರೆ ಖೋಲಿ ಬೇಕ್ರಿ" ಎಂದಳು.

"ಯಾಕ, ಮದಿವ್ಯಾಗಿ ಬಂದೈತೇನು? ಇಲ್ಲೇ ಹಿಟ್ಟಿನ ಗಿರಣಿ ಬಾಜೂಕ ಇಡು. ಎರಡೂ ನನ್ನ ಕಣ್ಣಮುಂದ ಇರ್ಲಿ."

ಐದನೇ ತಿಂಗಳಿಗೆ ಯಂತ್ರ ಗೊರಗೊರ ಎಂದು ಸುಮ್ಮನಾಯಿತು. ರಿಪೇರಿಯವ ಬಂದು ಡಬ್ಬಿ ಬಿಚ್ಚಿ, ಒಳಗೆ ಕೈ ಹಾಕಿ, ಮುಷ್ಟಿ ತುಂಬ ಜೋಳದ ಹಿಟ್ಟು ತೆಗೆದ.

"ಬಾಯಾರ, ಒಂದಿಷ್ಟು ಬಿಸಿನೀರು ತರ್ರಿ. ಇಲ್ಲೇ ನಾಕು ರೊಟ್ಟಿ ಬಡಕೊಂಡು ಹೋಗತೇನಿ."

ಎಲ್ಲರೂ ನಕ್ಕರು, ತಂಗಿ ನಗಲಿಲ್ಲ. ಅರಿವೆಯಿಂದ ಯಂತ್ರದ ಒಂದೊಂದೇ ಭಾಗ ಒರೆಸುತ್ತಾ ಕುಂತಳು. ನನ್ನಲ್ಲಿ ಬೇರೆ ಖೋಲಿ ಇರಲಿಲ್ಲವೆಂದಲ್ಲ. ಇತ್ತು. ಅದನ್ನು ಹರಿದ ಗೋಣಿಚೀಲಗಳಿಗೆ ಕೊಟ್ಟಿದ್ದೆ, ಅವಕ್ಕೆ ಧೂಳಾಗಬಾರದೆಂದು.

೩. ಎಂಟು ಸಲ

ಕಂಪ್ಯೂಟರ್ ಜೀವ ಹಿಡಿದ ಮೇಲೆ ತಂಗಿ ದರದ ಪತ್ರ ಎಂಬುದೊಂದನ್ನು ಮಾಡಿದಳು. ರೊಟ್ಟಿಯ ದರ ಏರಿದಾಗ ಪತ್ರ ಒಂದೇ ಸಲ ಬರೆದರೆ ಸಾಕು. ಪ್ರಿಂಟರಿನಿಂದ ನಲವತ್ತು ಪ್ರತಿ ಬರುತ್ತಿದ್ದವು, ಪ್ರತಿಯೊಂದರ ನೆತ್ತಿಯ ಮೇಲೆ ಒಬ್ಬೊಬ್ಬ ಮಾಲಕನ ಹೆಸರು. "ಹೆಸರು ತಾನ ಬರ್ತದ್ರಿ ಅಕ್ಕಾರ" ಎಂದು ಹಿಗ್ಗುತ್ತಿದ್ದಳು. ಅವುಗಳನ್ನು ಆಯಾ ಗಂಟಿನಲ್ಲಿಟ್ಟು ಮುಟ್ಟಿಸುವವರು ನಮ್ಮ ಟೆಂಪೊ ಓಡಿಸುವ ಚಾಚಾ, ನನಗಿಂತ ಹಿರಿಯರು. ಒಮ್ಮೆ ಪತ್ರ ಓದಿ, "ಮತ್ತ ದರ ಏರಸೀರೇನ್ರಿ ಬಾಯಾರ?" ಎಂದರು.

"ಚಾಚಾ, ಮ್ಯಾಲಿನ ಹೆಸರು ನೋಡ್ರಿ, ಗಂಟಿನಾಗ ಇಡ್ರಿ. ಒಳಗಿಂದು ಓದೂದು ನಿಮ್ಮ ಕೆಲಸಲ್ಲ" ಎಂದುಬಿಟ್ಟೆ. ಮತ್ತೆಂದೂ ಅವರು ಓದಲಿಲ್ಲ.

ಮೊಬೈಲ್ ಬಂದಾಗಲೂ ನಿಯಮ ನನ್ನದೇ. ದಾರಿಯಲ್ಲಿ ಗಂಟು ಕಡಿಮೆ ಬಿದ್ದರೆ ಚಾಚಾ ಮಿಸ್ಡ್ ಕಾಲ್ ಕೊಡಬೇಕು. ಎಷ್ಟು ಕಾಲ್, ಅಷ್ಟು ಗಂಟು. ನಾನು ಬಸ್ಸಿಗೆ ಹಾಕಿ ಕಳಿಸುತ್ತೇನೆ. ಫೋನ್ ಎತ್ತುವಂತಿಲ್ಲ. "ಸುಮ್ನ ರೂಪಾಯಿ ಯಾಕ ಖರ್ಚು ಮಾಡಬೇಕು?"

ಒಂದು ದಿನ ಕಿತ್ತೂರು ದಾರಿಯಿಂದ ಒಂದರ ಹಿಂದೊಂದು ಎಂಟು ಸಲ ಫೋನ್ ಬಡಿದುಕೊಂಡಿತು.

"ಅಕ್ಕಾರ, ಏನೋ ಆಗೇತಿ, ಎತ್ರಿ" ಎಂದಳು ತಂಗಿ.

"ಎತ್ತಿದರ ನಿಯಮ ಏನುಳೀತು?" ಎಂದು ಎಂಟು ಗಂಟು ಕಟ್ಟಿಸಿ ಕಿತ್ತೂರು ಬಸ್ಸಿಗೆ ಹಾಕಿಸಿದೆ. ಬಸ್ಸಿನವರು ರಸ್ತೆ ಬದಿ ನಿಂತ ಟೆಂಪೊ ನೋಡಿ ಅಲ್ಲೇ ಇಳಿಸಿದರು.

ಸಂಜೆ ಚಾಚಾ ಬಂದು ಬೆವರು ಒರೆಸಿಕೊಂಡರು. "ಎರಡೆರಡು ಗಾಲಿ ಪಂಕ್ಚರ್ ಆಗಿದ್ವು ಬಾಯಾರ. ಗಾಲಿ ಬೇಡಿದರ ರೊಟ್ಟಿ ಕಳಿಸಿದ್ರಿ. ಗುಂಡಗ ಇದ್ವು ಖರೇ, ಕುಂದರಲಿಲ್ಲ."

೪. ತೆರೆದ ಬಾಗಿಲು

ಇದರಲ್ಲಿ ನಗುವುದು ಕೊನೆಗಷ್ಟೇ.

ಒಮ್ಮೆ ತಂಗಿ, ಒಲೆ ಮುಂದಿನ ಹೆಣ್ಣುಮಕ್ಕಳ, ಚಾಚಾನ, ತನ್ನ ಹೆಸರು, ಊರು, ಫೋನ್ ಎಲ್ಲ ಯಂತ್ರಕ್ಕೆ ಹಾಕುತ್ತೇನೆ ಎಂದಳು.

"ನಮ್ಮ ಮಂದಿ ಯಾರು ಅಂತ ನನಗ ಯಂತ್ರ ಹೇಳಬೇಕೇನು? ಎಲ್ಲಾ ನೆನಪಿರ್ತದ."

"ಗೋಡಿಗೂ ಎಲ್ಲಾ ನೆನಪಿತ್ತಲ್ರಿ ಅಕ್ಕಾರ, ಸುಣ್ಣ ಹಚ್ಚೂತನಾ."

ಹನ್ನೆರಡೂ ಒಲೆಯ ಮುಂದೆ ಕಿಸಕ್ಕನೆ ನಗು. ನನಗೆ ಮೈಯೆಲ್ಲ ಉರಿಯಿತು. "ಸಾಲಿ ಕಾಣದ ನಾ ಪಗಾರ ಕೊಡತೇನಿ. ಸಾಲಿ ಕಲತ ನೀ ಕೈಯೊಡ್ಡಿ ಇಸ್ಕೋತಿ. ಯಾರು ಶ್ಯಾಣ್ಯಾರವಾ?"

ನಗು ನಿಂತಿತು. ತಂಗಿ ಯಂತ್ರ ಬಂದ್ ಮಾಡಿ, ಅದಕ್ಕೆ ಅರಿವೆ ಹೊದಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಮುಂದಿನ ತಿಂಗಳು ಸವದತ್ತಿಯ ಯಾವುದೋ ಕಚೇರಿ ಸೇರಿದಳೆಂದು ಚಾಚಾ ಹೇಳಿದರು.

ಯಂತ್ರ ಹಚ್ಚಿದರೆ ಪಾಸ್‌ವರ್ಡ್ ಕೇಳಿತು. ಅವಳಿಗೆ ಫೋನ್ ಮಾಡಿ ಕೇಳಲು ನಾಲಿಗೆ ಏಳಲಿಲ್ಲ. ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಯಲ್ಲಮ್ಮ ಎಂದು ಹಾಕಿದೆ. ಕಾಳಿಕಾದೇವಿ ಎಂದು ಹಾಕಿದೆ. ರೊಟ್ಟಿ, ಜೋಳ, ಕೊನೆಗೆ ಸಿಟ್ಟಿನಲ್ಲಿ ಎರಡು ಬೈಗುಳ. ತೆರೆಯಲಿಲ್ಲ. ಎರಡು ತಿಂಗಳಾದ ಮೇಲೆ ಆ ಹಿಟ್ಟಿನ ರಿಪೇರಿಯವನನ್ನೇ ಕರೆಸಿದೆ. ನಿಂತಲ್ಲೇ ಬಗ್ಗಿ ಒಂದು ಗುಂಡಿ ಒತ್ತಿದ, ತೆರೆಯಿತು.

"ಪಾಸ್‌ವರ್ಡ್ ಇಟ್ಟೇ ಇಲ್ರಿ ಬಾಯಾರ. ಸುಮ್ನ ಎಂಟರ್ ಒತ್ತೂದು."

ಅವಳು ಬಾಗಿಲು ತೆರೆದಿಟ್ಟೇ ಹೋಗಿದ್ದಳು. ನಾನು ಎರಡು ತಿಂಗಳು ಹೊರಗೆ ನಿಂತು ಊರ ದೇವರನ್ನೆಲ್ಲ ಕರೆದಿದ್ದೆ.

೫. ಪತ್ರ

ಆಮೇಲೆ ಹಟಕ್ಕೆ ಬಿದ್ದು, ಗುಂಡಿ ಒತ್ತಿ ಒತ್ತಿ ಒಂದು ತಿಂಗಳಲ್ಲಿ ನಾನೇ ಕಲಿತೆ. ಕಲಿತು ಮೊದಲು ಬರೆಯಬೇಕೆನಿಸಿದ್ದು ತಂಗಿಗೆ. ಬಾಯಿಂದ ಆಗದ್ದು ಯಂತ್ರದಿಂದ ಆದೀತೆಂಬ ಆಸೆ. ಇಡೀ ಯಂತ್ರದಲ್ಲಿ ನನಗೆ ಸಿಕ್ಕಿದ್ದು ದರದ ಪತ್ರವೊಂದೇ. ಅದರ ಒಳಗಿನದನ್ನು ಅಳಿಸಿ ಬರೆದೆ. ಬಾಯಲ್ಲಿ ಏಕವಚನ ಇದ್ದರೂ ಕಾಗದದಲ್ಲಿ ಬಹುವಚನ ಇರಬೇಕೆಂದು ಓದಿ ತಿಳಿದಿದ್ದೆ:

"ಅಂದು ಎಲ್ಲರ ಮುಂದೆ ನಾನು ಆಡಿದ ಮಾತು ತಪ್ಪು. ನೀವು ಹೇಳಿದ್ದೇ ಖರೆ ಇತ್ತು. ಸೊಕ್ಕಿನಿಂದ ಅಂದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಹೆಸರಿನ ಜಾಗವನ್ನು ಮುಟ್ಟಲಿಲ್ಲ. ತಾನ ಬರ್ತದ ಎಂದು ಅವಳೇ ಹೇಳಿದ್ದಳಲ್ಲ! ಇಷ್ಟು ವರ್ಷ ಅವಳ ಕೈಯಲ್ಲಿ ಇದ್ದ ಯಂತ್ರಕ್ಕೆ ಈ ಪತ್ರ ಯಾರಿಗೆಂದು ತಿಳಿಯದೇ? ಪ್ರಿಂಟ್ ಒತ್ತಿದೆ. ಏನೂ ಬರಲಿಲ್ಲ. ಇದೂ ಅವಳ ಕಡೆಗೇ ಎಂದು ಸಿಟ್ಟು ಬಂತು. ಯಂತ್ರ ಬಂದ್ ಮಾಡದೆ ಎದ್ದು ಬಳಗದ ಮದುವೆಗೆ ಹೋದೆ.

ಪ್ರಿಂಟರಿನಲ್ಲಿ ಕಾಗದವೇ ಇರಲಿಲ್ಲ. ನಾನು ಹೋದ ಮೇಲೆ ಗಂಟು ಒಯ್ಯಲು ಬಂದ ಚಾಚಾ, ಕೆಂಪು ದೀಪ ಮಿಣಮಿಣ ಅನ್ನುವುದನ್ನು ನೋಡಿ, ತಂಗಿ ಕಲಿಸಿದಂತೆ ಕಾಗದ ಇಟ್ಟರು. ನಲವತ್ತು ಪತ್ರ ಬಂದವು. ಮೇಲಿನ ಹೆಸರು ನೋಡಿದರು, ಗಂಟಿನಲ್ಲಿ ಇಟ್ಟರು, ಒಳಗಿನದು ಓದಲಿಲ್ಲ.

ಮರುದಿನ ಮೊದಲ ಫೋನ್ ಕಿತ್ತೂರಿನದು. "ಬಾಯಾರ, ಅಷ್ಟು ದೊಡ್ಡ ಮಾತ್ಯಾಕ್ರಿ? ರೊಟ್ಟಿ ದಪ್ಪ ಆಗ್ಯಾವಂದ್ರ ನಿನ್ನ ಹಲ್ಲು ನೋಡ್ಕೋ ಅಂದಿದ್ರಿ. ನಾ ಅದನ್ನ ಅವತ್ತೇ ಮರತೇನಿ." ವಾರ, ತಿಥಿ ಸಹಿತ ಹೇಳಿದ. ಒನಕೆ ಕೇಳಿದ್ದ ರಾಮದುರ್ಗದ ಮಾಲಕ ಬಾಳೆಹಣ್ಣು ಹಿಡಿದು ಬಂದು ಕಣ್ಣೀರು ಹಾಕಿಕೊಂಡ. ಹುಟ್ಟಿದಾಗಿನಿಂದ ಒಬ್ಬರಿಗೂ ತಪ್ಪಾಯಿತು ಎನ್ನದವಳು ಒಂದೇ ಮುಂಜಾನೆ ನಲವತ್ತು ಮಂದಿಗೆ ಅಂದಿದ್ದೆ. ಅವರಲ್ಲಿ ಒಬ್ಬನಾದರೂ "ಯಾವ ಮಾತು?" ಎಂದು ಕೇಳಲಿಲ್ಲ.

ಮೂರನೇ ದಿನ ತಂಗಿಯ ಫೋನ್.

"ಅಕ್ಕಾರ, ಸವದತ್ತಿ ಖಾನಾವಳಿಯವರು ನಿಮ್ಮ ಪತ್ರಕ್ಕ ಕಟ್ಟು ಹಾಕಿಸಿ ಗೋಡಿಗೆ ಹಾಕ್ಯಾರ. ನಂದ ಬಂದಿಲ್ಲಲ್ರಿ?"

"ಅದು ನಿಂದಽ ಇತ್ತವಾ. ನಿನ್ನ ಹೆಸರು ಯಂತ್ರದಾಗ ಇಲ್ಲ. ನಾನ ಹಾಕಗೊಡಲಿಲ್ಲ."

ಹಾಗೇ ಇನ್ನೊಂದು ಮಾತೂ ಅಂದುಬಿಟ್ಟೆ:

"ತಿರುಗಿ ಬಾರವಾ."

"ಬರೂದು ಆಗೂದಿಲ್ರಿ ಅಕ್ಕಾರ. ಇಲ್ಲಿ ಕಂಪ್ಯೂಟರಿಗೆ ಬ್ಯಾರೆ ಖೋಲಿ ಐತ್ರಿ."

ಅಂದೇ ಗೋಣಿಚೀಲ ಹೊರಗೆ ಹಾಕಿಸಿ ಯಂತ್ರವನ್ನು ಆ ಖೋಲಿಗೆ ಸರಿಸಿದೆ. ಒಂದು ತಾಸು ಕುಂತು ಅವಳ ಹೆಸರು ಹಾಕಿದೆ, ನಲವತ್ತೊಂದನೆಯದು.

ಮುಂದಿನ ಸಲ ದರ ಏರಿದಾಗ ಚಾಚಾ ಬಾಗಿಲಲ್ಲಿ ನಿಂತು ತಲೆ ಕೆರೆದರು. "ಬಾಯಾರ, ಹೆಸರು ನಲವತ್ತೊಂದು, ಗಂಟು ನಲವತ್ತು." ಇನ್ನೊಂದು ಗಂಟು ಕಟ್ಟಿಸಿದೆ. ಮೆತ್ತಗಿನ ರೊಟ್ಟಿ, ನಾನೇ ಬಡಿದದ್ದು.

ಮರುದಿನ ನನ್ನ ಫೋನ್ ಒಮ್ಮೆ ಬಡಿದು ನಿಂತಿತು. ಅವಳದು. ಮನಸ್ಸು ಬದಲಿಸಿದಳೇನೋ ಎಂದುಕೊಂಡೆ. ಜೀವಮಾನದಲ್ಲಿ ಮೊದಲ ಸಲ ಮಿಸ್ಡ್ ಕಾಲಿಗೆ ತಿರುಗಿ ಫೋನ್ ಮಾಡಿದೆ.

"ಏನವಾ ತಂಗಿ, ಏನಾತು?"

"ಒಂದ ಕಾಲ್, ಒಂದ ಗಂಟು ಹೆಚ್ಚಿಗಿ ಕಳಸ್ರಿ ಅಂತ್ರಿ ಅಕ್ಕಾರ. ಸುಮ್ನ ರೂಪಾಯಿ ಯಾಕ ಖರ್ಚು ಮಾಡಿದ್ರಿ?"