ನರಕ್ಕೆ ಸೂಜಿ, ತೋಳಿಗೆ ಮುದ್ದೆ

ನರಕ್ಕೆ ಸೂಜಿ ಹಾಕುವ ದಿನ ಏನಾದರೊಂದು ನಡೆಯದೆ ನಮ್ಮ ಆಸ್ಪತ್ರೆ ಬಾಗಿಲು ಮುಚ್ಚಿದ್ದೇ ಇಲ್ಲ. ಯುದ್ಧ ಮುಗಿದ ಹೊಸತು. ನಾನು ರಾಯಕೋಟೆಯಲ್ಲಿ ಕಾಂಪೌಂಡರ್. ಸಾನಮಾವು ಕಾಡಿನ ಕಡೆಯಿಂದ ಮಲೇರಿಯಾದವರು ಬರುತ್ತಿದ್ದರು. ಕ್ವಿನೈನ್ ನುಂಗಿದರೆ ಕಕ್ಕಿಬಿಡುವವರಿಗೆ ಅದನ್ನೇ ನೀರಿನಲ್ಲಿ ಬೆರೆಸಿ ನರಕ್ಕೆ ಕೊಡಬೇಕು. ಕೊಟ್ಟರೆ ತೋಳೆಲ್ಲ ಉರಿ. ಆ ಉರಿಗೆ ಹೆದರಿ ಓಡಿಹೋದವರು ಆಮೇಲೆ ಗಾಡಿಯಲ್ಲಿ ಮಲಗಿಕೊಂಡು ಬರುತ್ತಿದ್ದರು. ಕೆಲವರು ಬರುತ್ತಲೇ ಇರಲಿಲ್ಲ. ಹಾಗಾಗಿ ನೋವು ತಗ್ಗಿಸುವುದೇ ನಮ್ಮ ಡಾಕ್ಟರಿಗೆ ದೊಡ್ಡ ಚಿಂತೆ.

ಶಾಖ

ಪಕ್ಕದ ಹಳ್ಳಿಯ ಒಬ್ಬ ರೈತನಿಗೆ ನರವೇ ಸಿಗುತ್ತಿರಲಿಲ್ಲ. ಬಿಸಿ ತಾಗಿಸಿದರೆ ನರ ಉಬ್ಬುತ್ತದೆ, ಉರಿಯೂ ಕಮ್ಮಿ. ನಾಳೆ ತೋಳಿಗೆ ಬೆಚ್ಚಗೆ ಏನಾದರೂ ಕಟ್ಟಿಕೊಂಡು ಬಾ ಎಂದು ಡಾಕ್ಟರು ಹೇಳಿ ಕಳಿಸಿದರು.

ಮಾರನೆಯ ದಿನ ಅವನ ಪಟ್ಟಿ ಬಿಚ್ಚಿದರೆ ಒಳಗೆ ಬಾಳೆಲೆಯಲ್ಲಿ ಸುತ್ತಿದ ರಾಗಿಮುದ್ದೆ, ಇನ್ನೂ ಹಬೆಯಾಡುತ್ತಿತ್ತು. ನರ ಹಗ್ಗದ ಹಾಗೆ ಎದ್ದಿತ್ತು. ಮದ್ದು ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಡಾಕ್ಟರು ಬೆನ್ನು ತಟ್ಟಿದರು. ಅವನು ಎಲೆ ಬಿಡಿಸಿ ಮುದ್ದೆಯನ್ನು ಮುಂದಿಟ್ಟುಕೊಂಡು ನನ್ನನ್ನು ಕೇಳಿದ:

"ಸಾರು ಆಸ್ಪತ್ರೇಲೇ ಕೊಡ್ತಾರಾ, ಇಲ್ಲಾ ಅದೂ ನಾವೇ ತರ್ಬೇಕಾ?"

ಮೆದುವಾ

ಮದ್ದನ್ನು ಬೇಗ ಒತ್ತಿದರೆ ಉರಿ ಹೆಚ್ಚು. ಡಾಕ್ಟರು ತಂಜಾವೂರು ಕಡೆಯವರು, ಕನ್ನಡ ಅರೆಬರೆ. ಒತ್ತುವಾಗ ತಮಗೆ ತಾವೇ "ಮೆದುವಾ, ಮೆದುವಾ" ಅಂದುಕೊಳ್ಳುತ್ತಿದ್ದರು. ತಮಿಳಿನಲ್ಲಿ ನಿಧಾನ ಎಂದರ್ಥ. ನಮ್ಮ ಕಡೆ ಎಲ್ಲರಿಗೂ ಅಷ್ಟು ತಮಿಳು ಬರುತ್ತದೆ. ಅವತ್ತು ಮಲಗಿದ್ದ ಕಲ್ಲುಕುಟಿಗನಿಗೆ ಮಾತ್ರ ಬರುತ್ತಿರಲಿಲ್ಲ. ಎರಡು ಮೂರು ಸಲ ಕೇಳಿಸಿಕೊಂಡ. ಆಮೇಲೆ ಮುಖ ಗಂಟು ಹಾಕಿ, "ಮೆದು ಅಲ್ಲ ಸೋಮಿ, ಕಲ್ಲೊಡಿಯೋ ಕೈ ಇದು. ಜೋರಾಗೇ ಒತ್ತಿ" ಅಂದ.

ಏನಂತಾನೆ ಎಂದು ಡಾಕ್ಟರು ನನ್ನನ್ನು ಕೇಳಿದರು.

"ಇನ್ನೂ ನಿಧಾನಕ್ಕೆ ಹಾಕಿ ಅಂತಾನೆ" ಎಂದೆ.

ಮಾತು

ಇದು ಒಬ್ಬ ಅಜ್ಜಿಯದು. ಅವಳು ಬದುಕಿಕೊಂಡಳು, ಆದ್ದರಿಂದ ನಗಬಹುದು. ಮೊದಲ ಸಲ ಅರ್ಧ ಮದ್ದಿಗೇ ಕೈ ಕಿತ್ತುಕೊಂಡು ಎದ್ದು ಹೋಗಿದ್ದಳು. ಮಗ ಗಾಡಿಯಲ್ಲಿ ಮತ್ತೆ ಕರೆತಂದಾಗ ಮೈ ಕೆಂಡ. ಈ ಸಲವೂ ಎದ್ದರೆ ಉಳಿಸಲಾಗದು, ಮಾತಿಗೆಳೆದುಕೊಂಡಿರು ಎಂದು ಡಾಕ್ಟರು ನನಗೆ ಮೆಲ್ಲಗೆ ಹೇಳಿದರು. ನಿಮ್ಮ ಮದುವೆ ಹೇಗಾಯಿತು ಎಂದು ಕೇಳಿದೆ.

ಅಜ್ಜಿ ಕಣ್ಣು ಮುಚ್ಚಿ ಶುರು ಮಾಡಿದಳು. ಗಂಡಿನ ಕಡೆಯವರು ಅತ್ತಿಬೆಲೆಯಿಂದ ಗಾಡಿ ಕಟ್ಟಿದ್ದು, ಪಕ್ಕದ ಜೂಜುವಾಡಿಯಲ್ಲೇ ಎತ್ತು ಮಲಗಿದ್ದು, ಅದನ್ನು ಎಬ್ಬಿಸಲು ಮದುಮಗನೇ ಬಾಲ ತಿರುಚಲು ಹೋಗಿ ಒದೆಸಿಕೊಂಡದ್ದು. ಹೊರಗೆ ಬೆಂಚಿನಲ್ಲಿದ್ದ ರೋಗಿಗಳು ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. ಮದ್ದು ಮುಗಿಯಿತು. ಡಾಕ್ಟರು ಸೂಜಿ ತೆಗೆದು, ಹತ್ತಿ ಒತ್ತಿ, ಅವರೂ ಕೇಳುತ್ತ ಕುಳಿತರು. ಕೊನೆಗೆ ನಾನೇ, ಆಯಿತಜ್ಜಿ, ಏಳಿ ಎಂದೆ.

ಅಜ್ಜಿ ಕಣ್ಣು ಬಿಟ್ಟು ತೋಳು ನೋಡಿಕೊಂಡಳು.

"ಆಗೋಯ್ತಾ? ಗಂಡಿನೋರು ಇನ್ನೂ ಜೂಜುವಾಡಿನೇ ದಾಟಿಲ್ವಲ್ಲಪ್ಪಾ" ಎಂದು ಇನ್ನೊಂದು ಕೈ ಚಾಚಿದಳು. "ಇದಕ್ಕೂ ಒಂದು ಹಾಕು."