ಜಾಲರಿ ಬಿಟ್ಟುಹೋದ ಮೀಸೆಯವರ ಸನ್ನಿಧಿಗೆ

ಮಾನ್ಯ ಮೀಸೆಯವರೇ,

ಮೂಡಲಪಾಳ್ಯದ ನಮ್ಮ ತಾರಸಿಯ ಶೀಟಿನ ಕೋಣೆಯಿಂದ, ಬಣ್ಣ ಮೆತ್ತಿದ ಎರಡೂ ಕೈಗಳನ್ನು ಜೋಡಿಸಿ, ಶಿವಗಂಗಮ್ಮ ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಎಲ್ಲಿದ್ದೀರೆಂಬುದು ಗೊತ್ತಿದ್ದರೆ ಹೀಗೆ ಊರಿಗೆಲ್ಲ ಕೇಳುವಂತೆ ಬರೆಯಬೇಕಾಗಿರಲಿಲ್ಲ.

ತಾವು ಹುಟ್ಟಿದ್ದು ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರಾದ ವೆಂಕಟರಮಣಪ್ಪನವರ ಮೂಗಿನ ಕೆಳಗೆ. ಅವರ ಹುಟ್ಟುಹಬ್ಬಕ್ಕೆ ಟೀ ಶರ್ಟುಗಳ ಮೇಲೆ ಅವರ ಮುಖ ಅಚ್ಚು ಹಾಕಿಕೊಟ್ಟದ್ದು ಜಾಲರಿಯ ತೂತುಗಳಿಂದ ಬಟ್ಟೆಗೆ ಬಣ್ಣ ಇಳಿಸುವ ಸ್ಕ್ರೀನ್ ಪ್ರಿಂಟಿಂಗ್ ಕಲಿತ ಮೇಲೆ ನನ್ನ ಮೊದಲ ಕೆಲಸ. ಅತ್ತಿಗುಪ್ಪೆಯಲ್ಲಿ ನನಗೆ ಕಲಿಸಿದ ಗದಗಿನ ವೀರೇಶ ಮೇಷ್ಟ್ರು, "ಬಣ್ಣ ಆರೂದ್ರೊಳಗ ಜಾಲರಿ ತೊಳದ್ಬಿಡ್ರಿ ಅಕ್ಕಾರ, ಇಲ್ಲಾಂದ್ರ ಹಳೇ ಚಿತ್ರ ಅದರಾಗ ಕುಂತ್ಬಿಡತೈತಿ" ಎಂದು ಬಡಿದುಕೊಂಡಿದ್ದರು. ನಾನೇನು ಮಾಡಲಿ, ತೊಳೆಯಲು ಏಳುವ ಹೊತ್ತಿಗೆ ಕೆಳಗೆ ಕಾವೇರಿ ನೀರು ಬಂತು. ಕಾವೇರಿ ನೀರು ಬಂದಾಗ ಡ್ರಮ್ಮು ಬಿಂದಿಗೆ ತುಂಬಿಸುವುದು ಬಿಟ್ಟು ಬೇರೇನನ್ನಾದರೂ ತೊಳೆಯುತ್ತ ಕೂರುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಆಮೇಲೆ ತೊಳೆದಾಗ ಅಧ್ಯಕ್ಷರ ಕಣ್ಣು, ಮೂಗು, ಗಲ್ಲಗಳೆಲ್ಲ ಮರ್ಯಾದೆಯಿಂದ ಹೊರಟುಹೋದವು. ದಟ್ಟವಾಗಿದ್ದ ತಾವು ಮಾತ್ರ ನೇಯ್ಗೆಯ ತೂತುಗಳಲ್ಲೆಲ್ಲ ಒಣಗಿ ಕೂತಿರಿ.

ಅದೇ ಜಾಲರಿಯಲ್ಲಿ ಮಗಳು ಸಿಂಚನಾಳ ಮದುವೆಯ ಬಿಳಿ ತಾಂಬೂಲದ ಚೀಲಗಳಿಗೆ ಕೆಂಪು ಕಲಶ ಹಾಕಲು ಹೊರಟಾಗ ತಮ್ಮ ದೊಡ್ಡಸ್ತಿಕೆ ತಿಳಿಯಿತು. ಕಲಶದ ನಟ್ಟನಡುವೆ, ಬಣ್ಣ ಇಳಿಯದ ಜಾಗದಲ್ಲಿ, ಬೆಳ್ಳಗೆ ಹುರಿ ಮಾಡಿಕೊಂಡು ತಾವು! "ಚೀಲ ನಾನೇ ಹಾಕ್ತೀನಿ" ಎಂದು ನೆಂಟರೆಲ್ಲರ ಮುಂದೆ ಕೊಚ್ಚಿಕೊಂಡವಳು ನಾನು; "ಸುಮ್ನೆ ಚಿಕ್ಕಪೇಟೇಲಿ ತಗೊಂಡ್ರೆ ಆಗ್ತಿತ್ತಪ್ಪ" ಎಂದು ಮೂತಿ ತಿರುವಿದವಳು ನನ್ನ ನಾದಿನಿ. ಅವಳೆದುರು ಈ ಚೀಲ ಹಂಚುವುದು ಹೇಗೆ ಹೇಳಿ?

ತಮ್ಮನ್ನು ಬೀಳ್ಕೊಡಲು ನಾನು ಮಾಡದ ಸೇವೆಯಿಲ್ಲ. ಬ್ಲೀಚಿಂಗ್ ಪೌಡರು, ಥಿನ್ನರು, ಸೀಮೆಎಣ್ಣೆ, ಕಡೆಗೆ ದೇವರ ಪಾತ್ರೆ ಬೆಳಗುವ ಹುಣಸೆಹಣ್ಣು. ಯಜಮಾನರ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ್ದನ್ನು ಅವರಿಗೆ ಇಂದಿಗೂ ಹೇಳಿಲ್ಲ. ತಮ್ಮ ಒಂದು ಕೂದಲೂ ಅಲುಗಲಿಲ್ಲ. ಆ ಬಾಳಿಕೆ ನಮ್ಮ ರಸ್ತೆಯ ಡಾಂಬರಿಗೆ ಬಂದಿದ್ದರೆ ನಾವು ಪುಣ್ಯವಂತರು! ಕೊನೆಗೆ ಮಾರೇನಹಳ್ಳಿಯಲ್ಲಿ ಸ್ಕೂಟರ್ ತೊಳೆಯುವ ಅಂಗಡಿಗೆ ಜಾಲರಿಯನ್ನು ಹೊತ್ತೊಯ್ದು ರಭಸದ ನೀರು ಬಿಡಿಸಿದೆ. ತಾವು ಹೊರಟೇ ಹೋದಿರಿ. ಅಬ್ಬಾ, ಪೀಡೆ ತೊಲಗಿತು ಎಂದು ಪಕ್ಕದಲ್ಲೇ ನಿಂತು ಕಬ್ಬಿನಹಾಲು ಕುಡಿದೆ.

ಮನೆಗೆ ಬಂದರೆ ಕೆಂಗೇರಿಯ ಬೀಗರ ಫೋನು. ತಾವು ಮೂಡಿ ಕೆಟ್ಟಿದ್ದ ಚೀಲವೊಂದರಲ್ಲಿ ಯಜಮಾನರು ಅವರೆಕಾಯಿ ತುಂಬಿಸಿ ಅವರ ಮನೆಗೆ ಕೊಟ್ಟುಬಂದಿದ್ದರಂತೆ. ಗಂಡಿನ ಅಜ್ಜಿ ಮುನಿತಾಯಮ್ಮನವರು ಕಾಯಿ ಸುರಿದು, ಚೀಲವನ್ನು ಕಣ್ಣಿಗೊತ್ತಿಕೊಂಡಿದ್ದಾರೆ. "ನಮ್ ಮನೆದ್ಯಾವ್ರು ಮುನೇಸ್ವರ ಮೀಸೆ ಬಿಟ್ಕೊಂಡು ಕಳಸದ್ ಮ್ಯಾಲೆ ಕುಂತವ್ನೆ ಕಣವ್ವಾ! ಎಲ್ಲಾ ಚೀಲಕ್ಕೂ ಹಿಂಗೇ ಇರ್ಲಿ, ಇಲ್ದಿದ್ರೆ ಸ್ವಾಮಿಗೆ ಸಿಟ್ಟು ಬತ್ತದೆ." ನಾನು ಕೈಯಲ್ಲೇ ಒಂದು ಮೀಸೆ ಬಿಡಿಸಿ ವಾಟ್ಸಾಪಿನಲ್ಲಿ ಕಳಿಸಿದೆ. "ಇದು ಯಾವ್ದೋ ಪೋಲೀಸಪ್ಪಂದು" ಎಂದು ಉತ್ತರ ಬಂತು.

ಆದ್ದರಿಂದ ಮಾನ್ಯರೇ, ನಾನು ಬೈದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು (ಹೊಟ್ಟೆಯಿಲ್ಲದ ತಮಗೆ ಕಷ್ಟ, ಬಲ್ಲೆ) ಮದುವೆಗೆ ಮುನ್ನ, ಗುರುವಾರದೊಳಗೆ ಅದೇ ಜಾಲರಿಯ ಅದೇ ಜಾಗಕ್ಕೆ, ಅದೇ ಹುರಿಯೊಂದಿಗೆ ಮರಳಿ ಬಂದು ಕೂರಬೇಕೆಂದು ಪ್ರಾರ್ಥನೆ. ಎಣ್ಣೆ ಹಚ್ಚಬೇಕೆ, ಹಚ್ಚುತ್ತೇನೆ. ಈ ಜನ್ಮದಲ್ಲಿ ಇನ್ನು ಜಾಲರಿ ತೊಳೆಯುವುದಿಲ್ಲ. ನಾದಿನಿ ಆಗಲೇ ಚಪ್ಪಲಿ ಮೆಟ್ಟಿಕೊಂಡು ಚಿಕ್ಕಪೇಟೆಗೆ ಹೊರಟು ನಿಂತಿದ್ದಾಳೆ.

ಉಜ್ಜಿ ಉಜ್ಜಿ ಕೆಟ್ಟ, 
ತಮ್ಮ ವಿಶ್ವಾಸಿ,
ಶಿವಗಂಗಮ್ಮ

ಮರೆತ ಮಾತು: ನಿನ್ನೆ ವೆಂಕಟರಮಣಪ್ಪನವರು ಮನೆಗೆ ಬಂದಾಗ ಉಳಿದಿದ್ದ ಕೆಟ್ಟ ಚೀಲವನ್ನು ಕಂಡು, ಭಕ್ತಿಯಿಂದ ಕೈ ಮುಗಿದು, "ಯಾವ್ ಸ್ವಾಮಿದಮ್ಮ ಇದು, ಏನ್ ಕಳೆ! ಮುಂದಿನ್ ಬರ್ತ್‌ಡೇಗೆ ನನ್ಗೂ ಇಂಥದ್ದೇ ಮೀಸೆ ಹಾಕ್ಬಿಡಿ" ಎಂದರು. ತಾವು ಬರದಿದ್ದರೆ ಅವರ ಫೋಟೊದಿಂದಲೇ ತಮ್ಮನ್ನು ಮತ್ತೆ ಇಳಿಸಿಕೊಳ್ಳುತ್ತೇನೆ. ಆ ದೇವರ ಮೀಸೆ ಅವರದೇ ಎಂದು ಅಧ್ಯಕ್ಷರಿಗೆ ತಿಳಿದ ದಿನ ನಮ್ಮ ಪಾರ್ಕಿನಲ್ಲಿ ಅವರಿಗೊಂದು ಗುಡಿ ಏಳುತ್ತದೆ. ಅದರ ಪಾಪವೆಲ್ಲ ತಮಗೇ ಸೇರಲಿ.